ಗುರುಬಾಯಿ ಕದ್ದ ಹಲ್ಲುಗಳು

"ಈ ಹಲ್ಲಿನ ಸೆಟ್ಟನ್ನ ಮಲಗೋ ಮುಂದ ಯಾರು ತೆಗೀತಿದ್ರು?"

ಡಾಕ್ಟರ್ ಗೋಪಿನಾಥರ ಪ್ರಶ್ನೆಗೆ ಪತ್ತೇದಾರ ದತ್ತಾತ್ರೇಯನ ಹತ್ತಿರ ಉತ್ತರವಿತ್ತು. ಹೇಳದೆ ತಟ್ಟೆಯ ಕಡೆ ತಿರುಗಿದ.

ಕಾಶಿನಾಥರ ಬಾಯಿಂದ ಆಗಷ್ಟೇ ತೆಗೆದ ಹಲ್ಲುಗಳು ಸ್ಟೀಲಿನ ತಟ್ಟೆಯಲ್ಲಿ ಹತ್ತಿಯ ಮೇಲಿದ್ದವು. ಹೊರಗಿನಿಂದ ನೋಡಿದರೆ ಬೆಳ್ಳಗೇ ಇದ್ದವು. ಡಾಕ್ಟರು ಚಿಮುಟದಿಂದ ಮೇಲಿನ ಸಾಲನ್ನು ಮಗುಚಿ ಹಾಕಿದರು. ಅಂಗುಳಕ್ಕೆ ಅಂಟಿ ಕೂರುವ ಕಡೆ ಹಳದಿ ಲೋಳೆ ದಪ್ಪಗೆ ಕಟ್ಟಿತ್ತು. ಅದರೊಳಗೆ ಒಂದು ಅನ್ನದ ಅಗುಳು ಹಾಗೇ ಸಿಕ್ಕಿಕೊಂಡಿತ್ತು. ವಾಸನೆ ಮೂಗಿಗೆ ಬಡಿದದ್ದೇ ದತ್ತಾತ್ರೇಯ ಒಂದು ಹೆಜ್ಜೆ ಹಿಂದೆ ಸರಿದ.

ಗಾಜಿನ ಆಚೆ ಕಾಶಿನಾಥರು ಮಲಗಿದ್ದರು. ಮೂಗಿಗೆ ಆಕ್ಸಿಜನ್. ಎದೆ ಏರಿ ಇಳಿಯುವಾಗ ಗೊರಗೊರ ಸದ್ದು ಹೊರಗೂ ಕೇಳುತ್ತಿತ್ತು. ಎರಡೂ ಪುಪ್ಪುಸಗಳಲ್ಲಿ ನ್ಯುಮೋನಿಯಾ.

ಡಾಕ್ಟರು ಧಾರವಾಡದ ಕಡೆಯವರು, ಎದೆರೋಗದಲ್ಲಿ ಹೆಸರು ಮಾಡಿದವರು. ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಎಲ್ಲರ ಜೊಲ್ಲೂ ಒಂದಿಷ್ಟು ಉಸಿರಿನ ಕೊಳವೆಗೆ ಇಳಿಯುತ್ತದೆ. ಗಟ್ಟಿ ಇರುವವರು ಕೆಮ್ಮಿ ಹೊರಹಾಕುತ್ತಾರೆ. ಕೈಕಾಲು ನಡುಗುವ, ನುಂಗಲು ಕಷ್ಟಪಡುವ ಕಾಶಿನಾಥರಂಥವರಿಗೆ ಅದು ಆಗುವುದಿಲ್ಲ. ಬಾಯಿ ಚೊಕ್ಕ ಇದ್ದರೆ ಇಳಿಯುವುದು ಬರೀ ಜೊಲ್ಲು. ಬಾಯಿ ಹೀಗಿದ್ದರೆ, ಹಲ್ಲಿನ ಸೆಟ್ಟು ರಾತ್ರಿಯಿಡೀ ಬಾಯಲ್ಲೇ ಕೊಳೆಯುತ್ತಿದ್ದರೆ, ಇಳಿಯುವುದು ರೋಗ.

"ನಿಮ್ಮ ತಂಗಾಳಿ ಆಶ್ರಮದಿಂದ ಮೊನ್ನೆ ಇನ್ನೊಬ್ಬಾಕಿ ಬಂದಾರ. ಹಂಪಮ್ಮ ಅಂತ. ಇದ ಜಡ್ಡು, ಇಂಥಾದ್ದ ಬಾಯಿ. ಯಾರೂ ಬ್ರಷ್ ಹಚ್ಚಿಲ್ಲ. ಇನ್ನೂ ಎಷ್ಟ್ ಮಂದಿ ಬರೋರದಾರ ಹೇಳ್ರಿ, ಬೆಡ್ ಖಾಲಿ ಇಡಿಸ್ತೀನಿ."

ಡಾಕ್ಟರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅದಕ್ಕೇ ದತ್ತಾತ್ರೇಯನಿಗೆ ಹೆಚ್ಚು ಚುಚ್ಚಿತು.

ಹತ್ತು ದಿನದ ಹಿಂದೆ ಲಿಂಗಂಪಲ್ಲಿಯ 'ತಂಗಾಳಿ' ವೃದ್ಧಾಶ್ರಮದಲ್ಲಿ ಹಲ್ಲಿನ ಸೆಟ್ಟುಗಳ ಕಳ್ಳಿಯನ್ನು ಹಿಡಿದುಕೊಟ್ಟವನು ಅವನೇ. ಕಾಶಿನಾಥರದ್ದು, ಹಂಪಮ್ಮನದ್ದು, ಇನ್ನೂ ಕೆಲವರದ್ದು ಅಲ್ಲಿಯೇ ವಾಸವಿದ್ದ ಗುರುಬಾಯಿ ಎಂಬ ಮುದುಕಿಯ ಟಿಫಿನ್ ಡಬ್ಬಿಯಲ್ಲಿ ಸಿಕ್ಕಿದ್ದವು. ಎಲ್ಲರ ಎದುರೇ ಡಬ್ಬಿ ತೆರೆಸಿದ್ದ. ಎಲ್ಲರ ಹಲ್ಲು ಎಲ್ಲರ ಬಾಯಿಗೆ ಸೇರಿದವು. ಕೇಸ್ ಮುಗಿಯಿತು ಅಂದುಕೊಂಡಿದ್ದ.

ಗುರುಬಾಯಿ ಕದಿಯುತ್ತಿದ್ದ ಅಷ್ಟೂ ತಿಂಗಳು ಅಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ಅವನು ಕಳವು ನಿಲ್ಲಿಸಿದ. ಇಬ್ಬರು ಆಸ್ಪತ್ರೆ ಸೇರಿದರು.

ಬೇಗಂಪೇಟೆಯಿಂದ ಲಿಂಗಂಪಲ್ಲಿಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಅವನಿಗೆ ಕೂರಲು ಜಾಗ ಸಿಗಲಿಲ್ಲ. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಬಾಗಿಲ ತನಕ ತುಂಬಿದ್ದರು. ಅವನ ಹೊಟ್ಟೆ ತುಂಬುತ್ತಿದ್ದುದೂ ಅವರಿಂದಲೇ. ಯಾರ ಡಿಗ್ರಿ ಸರ್ಟಿಫಿಕೇಟು ಅಸಲಿ, ಯಾವ ವರ ಸಂಬಳದ ವಿಷಯದಲ್ಲಿ ಸುಳ್ಳು ಹೇಳಿದ್ದಾನೆ: ದತ್ತಾತ್ರೇಯನ ಪತ್ತೇದಾರಿಕೆ ಈಚೆಗೆ ಇಷ್ಟಕ್ಕೇ ಇಳಿದಿತ್ತು. ರಾಯಚೂರಿನಿಂದ ಬಂದಾಗ ಕೊಲೆಗಾರರನ್ನು ಹಿಡಿಯುತ್ತೇನೆಂದು ಬಂದಿದ್ದ. ಹಲ್ಲಿನ ಕಳವು ಬಂದಾಗ ನಗು ಬಂದಿತ್ತು. ನಗುತ್ತಲೇ ಕೇಸ್ ಹಿಡಿದಿದ್ದ, ಅರ್ಧ ಮನಸ್ಸಿನಲ್ಲಿ ಮುಗಿಸಿದ್ದ. ಕದ್ದವರು ಯಾರು ಎಂದು ಹುಡುಕಿದ್ದ. ಯಾಕೆ ಎಂದು ಕೇಳಿರಲಿಲ್ಲ.

ತಂಗಾಳಿಯಲ್ಲಿ ಮೊದಲು ಬಚ್ಚಲಿಗೆ ಹೋದ.

ಗೋಡೆಗೆ ಹೊಡೆದ ಹಲಗೆಯ ಮೇಲೆ ಬ್ರಷ್ಷುಗಳು ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಹೆಸರಿನ ಚೀಟಿ. ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲವೂ ಒಣಗಿ ಗರಿಗರಿ. ಎಳೆಗಳು ಅಂಗಡಿಯಿಂದ ತಂದ ಹಾಗೇ ನೆಟ್ಟಗಿದ್ದವು. ಹಲ್ಲು ನೆನೆಹಾಕುವ ಪ್ಲಾಸ್ಟಿಕ್ ಬಟ್ಟಲುಗಳು ಮೂಲೆಯಲ್ಲಿದ್ದವು, ಸುತ್ತಿದ ಕವರನ್ನೂ ಬಿಚ್ಚಿರಲಿಲ್ಲ. ಯಾರೋ ಬಲ್ಲವರು ಇವನ್ನೆಲ್ಲ ತರಿಸಿದ್ದಾರೆ. ಯಾರೋ ಬಳಸಬೇಡಿ ಅಂದಿದ್ದಾರೆ.

ಆಯಾಗಳನ್ನು ಕೇಳಿದ. ತೆಲುಗಿನಲ್ಲಿ ಕೇಳಿದ, ಹಿಂದಿಯಲ್ಲಿ ಕೇಳಿದ. ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯಳೊಬ್ಬಳು ಹೇಳಿದಳು. ಮುಂಚೆ ರಾತ್ರಿ ಊಟವಾದ ಮೇಲೆ ತೆಗೆಯುತ್ತಿದ್ದೆವು, ಈ ಹೊಸ ಬ್ರಷ್ಷು ಬಟ್ಟಲು ಬರುವ ಹೊತ್ತಿಗೇ ತೆಗೆಯಬಾರದೆಂದು ಮ್ಯಾನೇಜರ್ ಸಾಬ್ ಆರ್ಡರ್ ಮಾಡಿದರು, ತೆಗೆಯದ ಹಲ್ಲನ್ನು ತೊಳೆಯುವುದು ಹೇಗೆ.

ಮ್ಯಾನೇಜರ್ ರಾಹುಲ ಹೊರಗೆ ಹೋಗಿದ್ದ. ದತ್ತಾತ್ರೇಯ ಮಹಡಿ ಹತ್ತಿದ.

ಕಳವು ಬಯಲಾದ ದಿನವೇ ಗುರುಬಾಯಿಯನ್ನು ಕೆಳಗಿನ ಹಾಲಿನಿಂದ ತೆಗೆದು, ನೀರಿನ ಟ್ಯಾಂಕಿನ ಪಕ್ಕದ ಒಂಟಿ ಕೋಣೆಗೆ ಹಾಕಿದ್ದರು. ಸುಲ್ತಾನ್ ಬಜಾರಿನಲ್ಲಿ ಬದುಕಿಡೀ ಜಂಪರು ಹೊಲಿದ ಹೆಂಗಸು. ಮದುವೆಯಾಗಿರಲಿಲ್ಲ. ಕಣ್ಣು ಮಂಜಾದಾಗ ಅಂಗಡಿ ಮಾರಿ, ತಾನೇ ಆಟೋ ಹಿಡಿದು ಬಂದು ಇಲ್ಲಿ ಸೇರಿಕೊಂಡವರು. ಈಗ ಕಿಟಕಿಯ ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು.

"ಕಳ್ಳಿ ಜೋಡಿ ಏನ್ ಮಾತೈತ್ರಿ ಸಾಹೇಬ್ರ?" ಎಂದರು, ತಿರುಗಿ ನೋಡದೆ.

ಅವನು ಕಾಶಿನಾಥರ ಸುದ್ದಿ ಹೇಳಿದ. ಹಂಪಮ್ಮನ ಸುದ್ದಿ ಹೇಳಿದ. ಗುರುಬಾಯಿಯ ಕೈ ನಿಂತಿತು. ಹಂಪಮ್ಮ ಉಳೀತಾಳೋ ಇಲ್ಲೋ ಎಂದು ಕೇಳಿದರು. ಡಾಕ್ಟರು ಏನೂ ಹೇಳಿಲ್ಲ ಎಂದ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು.

ಆಮೇಲೆ ತಾವಾಗಿಯೇ ಹೇಳತೊಡಗಿದರು. ಕೆಳಗಿನ ಹಾಲಿನಲ್ಲಿ ಅವರ ಪಕ್ಕದ ಮಂಚ ಶಿವದೇವಿಯದು. ಲಕ್ವಾ ಹೊಡೆದು ಬಲಗಡೆ ಪೂರಾ ಬಿದ್ದಿದೆ, ಮಾತಿಲ್ಲ. ಹಲ್ಲಿನ ಸೆಟ್ಟು ಬಾಯಲ್ಲಿಟ್ಟೇ ಮಲಗಿಸುತ್ತಿದ್ದರು. ಕತ್ತಲಾದರೆ ಕೆಮ್ಮು, ಎದೆಯೊಳಗೆ ಕಫ ಕುದಿಯುವ ಸದ್ದು. ಒಂದು ದಿನ ತಡೆಯಲಾರದೆ ಗುರುಬಾಯಿ ಎದ್ದು, ಬೆರಳು ಹಾಕಿ ಸೆಟ್ಟು ಎಳೆದುಬಿಟ್ಟರು. ಸಾಬೂನು ಹಚ್ಚಿ ಉಜ್ಜಿ, ತಮ್ಮ ಟಿಫಿನ್ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿಟ್ಟರು. ಒದ್ದೆ ಮಾಡಿದ ತೆಳು ಹತ್ತಿ ಬಟ್ಟೆಯಿಂದ ಅವಳ ಒಸಡು, ನಾಲಿಗೆ ಒರೆಸಿದರು. ಹೀಗೇ ಮಾಡುತ್ತಾ ಹೋದರು. ವಾರದೊಳಗೆ ಕೆಮ್ಮು ಇಳಿಯಿತು.

ರಾಹುಲನಿಗೆ ಎರಡು ಸಲ ಹೇಳಿದರಂತೆ. ಅವನು ನಕ್ಕು, ನೀವು ಆರಾಮ ಮಾಡಿರಿ ಅಮ್ಮ ಅಂದನಂತೆ. ಅಲ್ಲಿಗೆ ಹೇಳುವುದನ್ನು ಬಿಟ್ಟರು. ಒಬ್ಬೊಬ್ಬರದ್ದಾಗಿ ತಾವೇ ತೆಗೆಯತೊಡಗಿದರು. ಎದುರಿನ ಗಂಡಸರ ಹಾಲಿಗೂ ಹೋದರು. ಕಾಶಿನಾಥರು ನಿದ್ದೆಗಣ್ಣಿನಲ್ಲೇ ಬೈದು, ಆಮೇಲೆ ತಾವೇ ಬಾಯಿ ತೆರೆಯುತ್ತಿದ್ದರು; ಬೆಳಗಾದರೆ ಏನೂ ನೆನಪಿರುತ್ತಿರಲಿಲ್ಲ. ಬೆಳಗಾಗುವುದರೊಳಗೆ ತಿರುಗಿ ಅವರವರ ಬಾಯಿಗೆ ಸೇರಿಸಿಬಿಡಬೇಕು. ತಮ್ಮ ಸ್ನಾನದ ಪಾಳಿ ಬೇಗ ಬಂದ ದಿನ ಅದು ಆಗುತ್ತಿರಲಿಲ್ಲ. ಹಲ್ಲು ಕಳುವಾಗಿದೆ ಎಂದು ಕೂಗಾಡುತ್ತಿದ್ದುದು ಅಂಥ ದಿನಗಳಲ್ಲೇ.

"ಅವತ್ತ ನನಗ್ಯಾಕ ಹೇಳಲಿಲ್ರಿ ಅವ್ವಾರ?"

"ಕದ್ದೀರೋ ಇಲ್ಲೋ ಅಂತ ಕೇಳಿದ್ರಿ. ಕದ್ದಿದ್ದೆ. ಹೌದು ಅಂದೆ." ಗುರುಬಾಯಿ ಈಗ ತಿರುಗಿ ಅವನ ಮುಖ ನೋಡಿದರು. "ಈಗ ಶಿವದೇವಿದು ಯಾರು ತೆಗೀತಾರ?"

ಯಾರೂ ಇಲ್ಲ ಎಂದು ಹೇಳಬೇಕಾಗಿ ಬಂತು.

ಮೆಟ್ಟಿಲು ಇಳಿಯುವಾಗ ದತ್ತಾತ್ರೇಯನಿಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. ಕೈಗೆ ಸಿಕ್ಕವರ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಕೈಗೆ ಸಿಕ್ಕವನು ರಾಹುಲ.

ರಾಹುಲ ಬೀದರ್ ಕಡೆಯ ಹುಡುಗ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವ. ವೃದ್ಧಾಶ್ರಮವನ್ನೂ ಹೋಟೆಲಿನ ಹಾಗೇ ನಡೆಸುತ್ತಿದ್ದ. ಎರಡು ಹಾಲಿಗೂ ಗೋಡೆಯಲ್ಲಿ ಕ್ಯಾಮೆರಾ ಹಾಕಿಸಿದ್ದು ಅವನದೇ ಐಡಿಯಾ. ಹೈಟೆಕ್ ಸಿಟಿಯಲ್ಲಿ ಶಿಫ್ಟ್ ಮಾಡುವವರು ತಮ್ಮ ಹಿರಿಯರನ್ನು, ರಾತ್ರಿ ದೀಪ ಆರಿಸುವ ತನಕ, ಯಾವ ಹೊತ್ತಿನಲ್ಲಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು, ಮನೆಮನೆಗೂ ಒಂದೊಂದು ಪಾಸ್‌ವರ್ಡ್. ಅದು ಬಂದ ಮೇಲೆ ತಂಗಾಳಿಯಲ್ಲಿ ಒಂದು ಮಂಚವೂ ಖಾಲಿ ಉಳಿದಿರಲಿಲ್ಲ.

ದತ್ತಾತ್ರೇಯ ಬಾಗಿಲು ಹಾಕಿಕೊಂಡು ನಿಂತ. ಇವತ್ತು ಊಟವಾದ ಮೇಲೆ ಎಲ್ಲರ ಹಲ್ಲು ತೆಗೆಸಬೇಕು, ತೊಳೆದು ನೀರಿನಲ್ಲಿಡಬೇಕು, ಬಾಯಿ ಒರೆಸಬೇಕು, ಉಂಡ ತಕ್ಷಣ ಯಾರನ್ನೂ ಅಡ್ಡ ಮಲಗಿಸಬಾರದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ರಾಹುಲ ತಲೆಯಾಡಿಸುತ್ತಾ ಕೇಳಿದ. ಕೇಳಿ, ಅದು ಆಗೋದಿಲ್ಲ ಸರ್ ಅಂದ.

"ಯಾಕ ಆಗೋದಿಲ್ಲ?"

"ಬೋಳುಬಾಯಿ ಕ್ಯಾಮೆರಾದಾಗ ಕಾಣಬಾರದು ಅಂತ ಕಂಪ್ಲೇಂಟ್ ಐತ್ರಿ. ಹೆಣದ ಹಂಗ ಕಾಣ್ತಾರ ಅಂತ."

ಯಾರ ಕಂಪ್ಲೇಂಟು ಎಂದು ದತ್ತಾತ್ರೇಯ ಕೇಳಿದ. ರಾಹುಲ ಮೇಜಿನ ಮೇಲಿನ ಪೆನ್ನು ತಿರುಗಿಸುತ್ತಾ ಹೆಸರು ಹೇಳಬಾರದು ಅಂದ. ದತ್ತಾತ್ರೇಯ ತಂಗಾಳಿಯನ್ನು ನಡೆಸುವ ಟ್ರಸ್ಟಿನ ಹಿರಿಯರ ಹೆಸರೆತ್ತಿದ. ಎರಡು ಪ್ರಾಣ ತೂಗಾಡುತ್ತಿವೆ, ಮೂರನೆಯದಕ್ಕೆ ಏನಾದರೂ ಆದರೆ ಡಾಕ್ಟರನ್ನು ಕರೆದುಕೊಂಡೇ ಅವರ ಮನೆಗೆ ಹೋಗುತ್ತೇನೆ ಅಂದ. ದನಿ ಏರಿಸಲಿಲ್ಲ. ಮೇಜಿನ ಮೇಲಿನ ಫೋನನ್ನು ರಾಹುಲನ ಕಡೆ ತಳ್ಳಿದ.

"ನಿಮ್ಮ ಕ್ಲೈಂಟ ಸರ್. ಕಾಶಿನಾಥ ಅವ್ರ ಮಗಳು, ರೇಣುಕಾ ಮೇಡಂ."

ದಿನಾ ಸಂಜೆ ಊಟದ ಹೊತ್ತು ಮುಗಿದ ಮೇಲೆ ಫೋನ್ ಬರುತ್ತದೆ ಎಂದ ರಾಹುಲ. ಇಂಥ ಮಂಚದವರ ಬಾಯಲ್ಲಿ ಹಲ್ಲಿಲ್ಲ, ಈಗಲೇ ಹಾಕಿ ಅನ್ನುತ್ತಾರೆ. ಅಪ್ಪನದ್ದಷ್ಟೇ ಅಲ್ಲ, ಎಲ್ಲರದೂ. ತಡ ಮಾಡಿದರೆ ಪೇಪರಿಗೆ ಹಾಕಿಸುತ್ತೇನೆ ಅನ್ನುತ್ತಾರೆ. ಅದಕ್ಕೇ ಸುಮ್ಮನೆ ಯಾರದೂ ತೆಗೆಯಬೇಡಿ ಎಂದು ಆರ್ಡರ್ ಮಾಡಿಬಿಟ್ಟೆ. ಗುರುಬಾಯಿ ಕದಿಯಲು ಹತ್ತಿದ ಮೇಲೆ ಮೇಡಂ ಸಿಟ್ಟು ಇನ್ನೂ ಹೆಚ್ಚಾಯಿತು.

ಬೇರೆಯವರ ಹಲ್ಲಿನ ಚಿಂತೆ ರೇಣುಕಾಳಿಗೆ ಯಾಕೆ ಎಂಬ ಪ್ರಶ್ನೆ ದತ್ತಾತ್ರೇಯನ ತಲೆಯಲ್ಲಿ ಸುಳಿಯಿತು. ಆ ಸಿಟ್ಟಿನಲ್ಲಿ ಅದು ನಿಲ್ಲಲಿಲ್ಲ. ಅವನಿಗೆ ಕಂಡದ್ದು ಒಂದೇ. ಕಳ್ಳಿಯನ್ನು ಹಿಡಿಯಿರಿ ಎಂದು ತನ್ನ ಆಫೀಸಿಗೆ ಬಂದು ಅತ್ತವಳು, ಅಪ್ಪ ಚಂದ ಕಾಣಲಿ ಎಂದು ಅಪ್ಪನ ಜೀವಕ್ಕೇ ಎರವಾಗಿದ್ದಾಳೆ. ಆ ಕೆಲಸ ಅವಳು ಮಾಡಿಸಿದ್ದು ತನ್ನ ಕೈಯಿಂದ.

ಕೊನೆಗೆ ರಾಹುಲ ಅರ್ಧ ಒಪ್ಪಿದ. ರೇಣುಕಾ ಮೇಡಂ ಹೂಂ ಅನ್ನುವ ತನಕ ಆರ್ಡರ್ ಬದಲಾಗುವುದಿಲ್ಲ. ಅಲ್ಲಿಯವರೆಗೆ ಬೇಕಾದರೆ ಗುರುಬಾಯಿ ಕೆಳಗೆ ಬಂದು ಶಿವದೇವಿಯೊಬ್ಬಳದು ನೋಡಿಕೊಳ್ಳಲಿ.

ಗುರುಬಾಯಿ ಗೋಡೆ ಹಿಡಿದು ಇಳಿದು ಬಂದರು. ಆಯಾಗಳ ಕಡೆ ನೋಡಲಿಲ್ಲ. ಶಿವದೇವಿಯ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದರು. ಸೊಟ್ಟಗಾದ ಬಾಯಿಯ ಸರಿ ಇದ್ದ ಪಕ್ಕದಿಂದ ಬೆರಳು ಸೇರಿಸಿ, ಮೆಲ್ಲಗೆ ಅಲುಗಿಸಿ, ಮೇಲಿನ ಸಾಲನ್ನು ತೆಗೆದರು. ಮೇಲ್ಗಡೆ ಒಸಡು ಕೆಂಪಾಗಿ ಹುಣ್ಣಾಗಿತ್ತು. ಹತ್ತು ದಿನದಲ್ಲಿ ಆದದ್ದು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸುತ್ತಾ ಹೋದರು. ಮಾತಿಲ್ಲದ ಶಿವದೇವಿ ಎಡಗೈಯಲ್ಲಿ ಗುರುಬಾಯಿಯ ಸೆರಗು ಹಿಡಿದುಕೊಂಡಳು, ಬಿಡಲಿಲ್ಲ. ಕೆಮ್ಮಿದಳು. ಎದೆಯೊಳಗಿಂದ ಬಂದ ಆ ಕೆಮ್ಮು ಗಾಜಿನ ಆಚೆ ಮಲಗಿದ್ದ ಕಾಶಿನಾಥರ ಗೊರಗೊರದ ಹಾಗೇ ಇತ್ತು.

ಗುರುಬಾಯಿ ಆ ಸದ್ದಿಗೆ ತಲೆಯೆತ್ತಿದರು. ದತ್ತಾತ್ರೇಯನನ್ನು ನೋಡಿ, "ಲಗೂನ ಹೋಗಿ ಆ ಮೇಡಂನ ಕೇಳ್ಕೊಂಡ್ ಬರ್ರಿ," ಅಂದರು. "ಈಕಿಗೆ ಭಾಳ ದಿನ ಇಲ್ಲ."

ಆಸ್ಪತ್ರೆ ಮುಟ್ಟುವಾಗ ಬೀದಿದೀಪ ಹತ್ತಿದ್ದವು.

ಐಸಿಯು ಹೊರಗಿನ ಬೆಂಚಿನ ಮೇಲೆ ರೇಣುಕಾ ಕೂತಿದ್ದಳು. ಬೇಗಂಪೇಟೆಯ ಒಂದು ಕಂಪನಿಯಲ್ಲಿ ಅಮೆರಿಕದ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ ಅವಳದು. ರಾತ್ರಿಯೆಲ್ಲ ದುಡಿದು ಹಗಲು ಮಲಗುವವಳು. ನಡುಗುವ ಅಪ್ಪನನ್ನು ಒಬ್ಬರೇ ಬಿಟ್ಟು ಹೋಗಲಾರದೆ ತಂಗಾಳಿಗೆ ಸೇರಿಸಿದ್ದಳು. ಬೆಳಿಗ್ಗೆ ಆಫೀಸಿನಿಂದ ನೇರ ಇಲ್ಲಿಗೆ ಬಂದವಳು ಇನ್ನೂ ಮನೆಗೆ ಹೋಗಿರಲಿಲ್ಲ. ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು.

ದತ್ತಾತ್ರೇಯ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಒಣಗಿದ ಬ್ರಷ್ಷು, ಗುರುಬಾಯಿಯ ಡಬ್ಬಿ, ಹಲ್ಲಿನ ಕೆಳಗೆ ಕಟ್ಟಿದ ಲೋಳೆ. ಮೆತ್ತಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆಗಲಿಲ್ಲ.

ರೇಣುಕಾ ಅಳಲಿಲ್ಲ. ನೆಲ ನೋಡುತ್ತಾ ಕೂತಿದ್ದವಳು ಸಣ್ಣ ದನಿಯಲ್ಲಿ ಮಾತಾಡಿದಳು.

"ಇಂಥಾ ಕೇಸು ದಿನಾ ನನ್ನ ಕಿವ್ಯಾಗ ಬರ್ತಾವ್ರಿ. ಮುದುಕರು, ಬಾಯಿ ಸ್ವಚ್ಛ ಇಲ್ಲ, ಜೊಲ್ಲು ಪುಪ್ಪುಸಕ್ಕ ಇಳದೈತಿ. ಬೆರಳು ತಂತಾನ ಟೈಪ್ ಮಾಡ್ತಾವ. ನಮ್ಮಪ್ಪಗ ಇದು ಆಗ್ತೈತಿ ಅಂತ ಒಂದ್ ದಿನಾನೂ ಹೊಳೀಲಿಲ್ಲ. ಕಳ್ಳಿನ ಹಿಡೀರಿ ಅಂತ ನಾನ ನಿಮ್ಮ ಹತ್ರ ಬಂದೆ. ಐತವಾರ ಹೋದಾಗ ಅಪ್ಪಗ ರೊಟ್ಟಿ ಅಗಿಯಾಕ ಹಲ್ಲ ಇರ್ತಿರಲಿಲ್ಲ. ಸಿಟ್ಟು ಬಂತು."

"ಅದು ತಿಳೀತೈತಿ. ಆದ್ರ ದಿನಾ ಸಂಜಿ ಫೋನ್ ಮಾಡಿ ಎಲ್ಲಾರ ಬಾಯಿಗೂ ಹಲ್ಲು ಹಾಕ್ರಿ ಅಂತ ಯಾಕ ಹೇಳಿದ್ರಿ?"

ಅವಳು ತಲೆಯೆತ್ತಿದಳು. ಪ್ರಶ್ನೆ ಅರ್ಥವಾಗದವಳ ಮುಖ.

"ಯಾವ ಫೋನ್ರಿ?"

ಅವನು ರಾಹುಲ ಹೇಳಿದ್ದನ್ನೆಲ್ಲ ಒಪ್ಪಿಸಿದ. ಕ್ಯಾಮೆರಾ ನೋಡಿ ನೋಡಿ ಫೋನು, ಹೆಣದ ಮಾತು, ಪೇಪರಿನ ಬೆದರಿಕೆ. ಅವಳು ಎದ್ದು ನಿಂತಳು.

"ನಾ ಆ ಕ್ಯಾಮೆರಾ ಒಂದ್ ಸಲಾನೂ ನೋಡಿಲ್ರಿ ಸರ್. ಮನ್ಯಾಗ ಕಂಪ್ಯೂಟರ್ ಇಲ್ಲ. ಆಫೀಸಿನ್ಯಾಗ ಇಂಟರ್ನೆಟ್ ಕೊಡಂಗಿಲ್ಲ, ಮೊಬೈಲು ಗೇಟಿನ್ಯಾಗ ಇಸ್ಕೊಂತಾರ. ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟಿದ್ರು, ನಂಗ್ಯಾತಕ ಅಂತ ಆಫೀಸಿನ ಮೇಜಿನ ಮ್ಯಾಲ ಬಿಟ್ಟೆ."

ದತ್ತಾತ್ರೇಯ ಅವಳ ಕಣ್ಣನ್ನೇ ನೋಡಿದ. ಸುಳ್ಳು ಹೇಳುವ ವರರನ್ನು ಎಷ್ಟೋ ವರ್ಷದಿಂದ ನೋಡಿದ್ದ. ಇಲ್ಲಿ ಸುಳ್ಳಿರಲಿಲ್ಲ. ಸಿಟ್ಟಿನಲ್ಲಿ ಬಿಟ್ಟುಬಂದ ಆ ಪ್ರಶ್ನೆ ಈಗ ಎದೆಗೆ ಬಂದು ಕೂತಿತು. ಹಾಗಾದರೆ ಅಷ್ಟೂ ಜನ ಮುದುಕರ ಬಾಯನ್ನು ಅಷ್ಟು ಹತ್ತಿರದಿಂದ ನೋಡುತ್ತಾ ಕೂತವರು ಯಾರು?

ಜೇಬಿನಿಂದ ಮೊಬೈಲು ತೆಗೆದು ತಂಗಾಳಿಗೆ ಹಚ್ಚಿದ. ರಾಹುಲ ಮೊದಲ ರಿಂಗಿಗೇ ಎತ್ತಿದ. ದನಿಯಲ್ಲಿ ಗಾಬರಿಯಿತ್ತು.

"ಛಲೋ ಆತು ನೀವ ಮಾಡಿದ್ರಿ ಸರ್. ನೀವು ಅವ್ರಿಗೆ ಏನೂ ಹೇಳಲಿಲ್ಲೇನು? ಇನ್ನೊಂದು ಲೈನಿನ್ಯಾಗ ರೇಣುಕಾ ಮೇಡಂ ಅದಾರ. ಶಿವದೇವಿಯವ್ರ ಬಾಯಿ ಖಾಲಿ ಕಾಣಾಕತ್ತೈತಿ, ಈಗಿಂದೀಗ ಹಲ್ಲು ಹಾಕ್ರಿ ಅಂತ ಒದರಾಡಾಕತ್ತಾರ. ಆಯಾಗೆ ಹೇಳಿ ಹಾಕಿಸಿಬಿಡ್ಲೇನು?"

ಹಾಕಬೇಡ ಎಂದ ದತ್ತಾತ್ರೇಯ. ಎರಡೂ ಫೋನನ್ನು ಒಂದಕ್ಕೊಂದು ತಾಗಿಸಿ ಹಿಡಿ, ಬಾಯಿ ಬಿಚ್ಚಬೇಡ ಎಂದ. ತನ್ನ ಮೊಬೈಲನ್ನು ರೇಣುಕಾಳ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದ.

ಮೊದಲು ಬರೀ ಗರಗರ. ಆಮೇಲೆ, ದೂರದಲ್ಲಿ, ಒಂದು ಹೆಂಗಸಿನ ದನಿ. ಅವಸರವಿಲ್ಲ. ರೇಣುಕಾಳ ಹಾಗೇ ರಾಯಚೂರ ಕಡೆಯ ಮಾತು.

"ಹಲೋ? ರಾಹುಲ್? ಆ ಮುದುಕಿನ ಯಾಕ ಮತ್ತ ಕೆಳಗ ತಂದೀರಿ? ಆಕಿನ ಮ್ಯಾಲ ಕಳಸ್ರಿ. ಹಲ್ಲು ಹಾಕ್ರಿ. ನಾ ನೋಡಾಕತ್ತೀನಿ."

ರೇಣುಕಾಳ ಕೈ ಬಂದು ದತ್ತಾತ್ರೇಯನ ಮುಂಗೈ ಬಿಗಿಯಾಗಿ ಹಿಡಿಯಿತು. ಮೊಬೈಲಿಗೆ ಕೇಳಿಸದ ಹಾಗೆ, ಬರೀ ಉಸಿರಿನಲ್ಲಿ ಹೇಳಿದಳು.

"ಈ ದನಿ ನಂಗ ಗೊತ್ತೈತ್ರಿ. ಮೂರ್ ವರ್ಷದಿಂದ ನನ್ನ ಪಕ್ಕದ ಕುರ್ಚ್ಯಾಗ ಕೂಡ್ತಾಳ. ನಾ ಟೈಪ್ ಮಾಡೋ ಅವ ಕೇಸು ಆಕಿನೂ ಮಾಡ್ತಾಳ."